ನಿವೃತ್ತಿಯ ಮೊದಲ ದಿನಕ್ಕೆ ಖರ್ಚೆಷ್ಟು?

ಗೆಳೆಯರೇ, ಮಕ್ಕಳಿಗೆ ಹಣಕಾಸಿನ ಪಾಠ ಹೇಳುವುದು ಹೇಗೆಂದು ಇವತ್ತು ಚಿಕ್ಕೋಡಿಯಲ್ಲಿ ನಮಗೆ, ಶಿಕ್ಷಕರಿಗೆ, ತರಬೇತಿ ಇತ್ತು.

"ಕಣ್ಣ ಮುಚ್ಚಿ ನಿಮ್ಮ ನಿವೃತ್ತಿಯ ಮೊದಲನೇ ದಿನಾ ನೋಡ್ರಿ" ಎಂದರು ತರಬೇತಿ ಕೊಡುವ ಸರ್. ಫ್ಯಾನಿನ ಸದ್ದಷ್ಟೇ ಉಳಿಯಿತು. ನಾನಾಗಲೇ ಬೇವಿನ ನೆರಳಲ್ಲಿ ಮಲಗಿದ್ದೆ.

"ಸಾಕ್ರಿ. ಅದಕ್ಕ ಎಷ್ಟ ಖರ್ಚ ಬರತೈತಿ, ಬರೀರಿ."

ದಿಗ್ಗೇವಾಡಿಯ ಶಾಂತಾ ಟೀಚರ್ ಕಣ್ಣು ತೆರೆಯಲೇ ಇಲ್ಲ. "ಸ್ವಲ್ಪ ತಡೀರಿ ಸರ, ಈಗರೆ ಹೊಳಿ ದಂಡಿಗಿ ಬಂದ ಕುಂತೀನಿ."

"ಖರ್ಚ ಎಷ್ಟ್ರಿ, ಅಕ್ಕೋರ?"

"ಹೊಳಿ ನಮ್ಮ ಮನಿ ಹಿಂದನ ಐತ್ರಿ. ಇಷ್ಟ ವರ್ಷ ಕುಂದ್ರಾಕ ಪುರುಸೊತ್ತ ಸಿಕ್ಕಿಲ್ಲ, ಅಷ್ಟ."

ಸರ್ ಬೋರ್ಡಿನ ಮೇಲೆ 'ಪುರುಸೊತ್ತೇ ದೊಡ್ಡ ಆಸ್ತಿ' ಎಂದು ಬರೆದರು. ಎಲ್ಲರೂ ತಲೆಯಾಡಿಸಿದೆವು. ಮಧ್ಯಾಹ್ನ ಮೂರಕ್ಕೇ ಪಾಠ ಮುಗಿದರೂ, ಸಂಜೆಯ ಹಾಜರಿ ಸಹಿಗೆಂದು ಐದರವರೆಗೆ ಅಲ್ಲೇ ಕೂತೆವು.