ಮೂರನೇ ಕೂಗು

ಅಣ್ಣನ ಗಂಟಲು ಕಟ್ಟಿದ್ದು ಶ್ರಾವಣದಲ್ಲಿ. ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ.

ಅದಕ್ಕೆ ಕಾರಣವಿತ್ತು. ಕೃಷ್ಣರಾಜ ಮಾರುಕಟ್ಟೆಯಲ್ಲಿ ಅಣ್ಣನದು ಸೊಪ್ಪಿನ ಮಂಡಿ. ರೈತರು ತಂದ ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಯನ್ನು ಬೆಳಗಿನ ಜಾವ ಹರಾಜು ಕೂಗಿ ಚಿಲ್ಲರೆ ವ್ಯಾಪಾರಿಗಳಿಗೆ ಮಾರುವುದು ಅಪ್ಪನ ಕಾಲದಿಂದ ಬಂದ ಕಸುಬು. ಹಬ್ಬದ ಸಾಲಿನಲ್ಲಿ ಕೂಗುವವರ ದನಿ ಒಡೆಯುವುದು ಅಲ್ಲಿ ಮಾಮೂಲು. ದನಿ ಒಡೆದಿದೆ ಎಂದರೆ ವ್ಯಾಪಾರ ಜೋರಾಗಿದೆ ಎಂದೇ ಲೆಕ್ಕ. "ಏನ್ ಯಜಮಾನ್ರೇ, ಈ ಸಲ ಗಂಟಲೇ ಮಾರ್ಬಿಟ್ರಾ?" ಎಂದು ಪಕ್ಕದ ಮಂಡಿಯವರು ನಕ್ಕರು. ಅಣ್ಣನೂ ಹೆಮ್ಮೆಯಿಂದ ನಕ್ಕ. ಅತ್ತಿಗೆ ಜ್ಯೇಷ್ಠಮಧು ಕೊಟ್ಟರು, ಕಾಳುಮೆಣಸಿನ ಕಷಾಯ ಕೊಟ್ಟರು. ದೀಪಾವಳಿ ಕಳೆಯಿತು. ವ್ಯಾಪಾರ ತಗ್ಗಿತು. ದನಿ ಮರಳಲಿಲ್ಲ.

ಸಂಕ್ರಾಂತಿ ಹೊತ್ತಿಗೆ, ಅನ್ನ ನುಂಗಿದರೆ ಕಿವಿಯೊಳಗೆ ನೋಯುತ್ತದೆ ಎಂದ. ಮಾರನೆಯ ದಿನ ನಾನೇ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು.

"ಬೀಡಿ ಸೇದ್ತೀರಾ?"

"ಬಿಟ್ಟಿದೀನಿ."

"ಯಾವಾಗಿಂದ?"

"ಇವತ್ತಿಂದ," ಎಂದ ಅಣ್ಣ.

ಡಾಕ್ಟರು ನಗಲಿಲ್ಲ. ಬಯಾಪ್ಸಿಗೆ ಬರೆದುಕೊಟ್ಟರು.

ಕ್ಯಾನ್ಸರ್.

ಸಿ.ಟಿ. ಸ್ಕ್ಯಾನ್ ಆದ ಮೇಲೆ ಸರ್ಜನ್ ನಮ್ಮನ್ನು ಕೂರಿಸಿ ವಿವರಿಸಿದರು. ಮಾತನ್ನು ಅಳೆದು ಆಡುವ ಹೆಂಗಸು. ಗಡ್ಡೆ ಧ್ವನಿಪೆಟ್ಟಿಗೆಯನ್ನು ದಾಟಿ ಹೊರಗಿನ ಮೃದ್ವಸ್ಥಿಯನ್ನೂ ಹಿಡಿದಿತ್ತು. ಬರೀ ರೇಡಿಯೇಷನ್ ಸಾಲದು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಆಮೇಲೆ ಉಸಿರಾಟ ಕತ್ತಿನಲ್ಲಿ ಮಾಡುವ ರಂಧ್ರದಿಂದ. ಒಂದು ವಾಲ್ವ್ ಕೂರಿಸಿದರೆ ಆ ರಂಧ್ರವನ್ನು ಬೆರಳಿನಿಂದ ಮುಚ್ಚಿ ಮಾತಾಡಬಹುದು.

"ಮಾತಾಡಬಹುದು. ಕೂಗಬಹುದಾ?" ಎಂದು ಅಣ್ಣ ಕೇಳಿದ.

"ಇಲ್ಲ."

ಅಣ್ಣ ಎದ್ದು ಹೊರಗೆ ಬಂದ.

ನಮ್ಮ ಮಂಡಿಯಲ್ಲಿ ಒಂದು ಪದ್ಧತಿಯಿದೆ. ಹರಾಜಿನಲ್ಲಿ ಮೊದಲ ಎರಡು ಕೂಗು ಯಾರು ಬೇಕಾದರೂ ಕೂಗಬಹುದು. ಮೂರನೆಯದು ಯಜಮಾನನದು. ಅವನು 'ಮೂರು' ಎಂದ ಮೇಲೆ ಮಾಲು ಕೈಬದಲಾದಂತೆ. ರೈತನಾಗಲಿ ಕೊಂಡವನಾಗಲಿ ತಕರಾರು ಮಾಡುವ ಹಾಗಿಲ್ಲ.

"ಮೂರನೇ ಕೂಗಿಲ್ದೆ ನಾನು ಅಲ್ಲೇನ್ ಮಾಡ್ಲಿ? ದೃಷ್ಟಿಬೊಂಬೆ ಥರ ನಿಂತ್ಕೊಳ್ಲಾ?" ಎಂದ ಮನೆಗೆ ಬಂದು. ಆಪರೇಷನ್ ಬೇಡ ಎಂದುಬಿಟ್ಟ. ಅತ್ತಿಗೆ ಅತ್ತರು. ನಾನು ವಾದಿಸಿದೆ. ಯಾವುದೂ ನಾಟಲಿಲ್ಲ.

ನಾಟಿಸಿದವಳು ಅವನ ಮಗಳು ಚೈತ್ರಾ. ಚಾಮರಾಜಪೇಟೆಯಲ್ಲೇ ಬ್ಯಾಂಕ್ ಕೆಲಸ. ರಜೆ ಹಾಕಿ, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಮಂಡಿಗೆ ಬಂದು ಕೊತ್ತಂಬರಿ ಹರಾಜು ಕೂಗಿದಳು. ನಾನೂ ಹೋಗಿದ್ದೆ. ದನಿಯೇನೋ ಅಣ್ಣನದೇ. ಆದರೆ ಅಲ್ಲಿ ಕೊಳ್ಳುವವರು ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ. ಪಕ್ಕದವನಿಗೆ ಗೊತ್ತಾಗಬಾರದೆಂದು ಒಬ್ಬ ಹುಬ್ಬು ಹಾರಿಸುತ್ತಾನೆ, ಒಬ್ಬ ಟವೆಲ್ ಹೆಗಲು ಬದಲಿಸುತ್ತಾನೆ, ರತ್ನಮ್ಮ ಎಂಬ ಗಾಡಿ ವ್ಯಾಪಾರಿ ಸೆರಗು ಎಳೆದುಕೊಳ್ಳುತ್ತಾರೆ. ಚೈತ್ರಾ ಇದನ್ನೆಲ್ಲ ಬಿಟ್ಟು, ಕಿವಿ ಮುಟ್ಟಿಕೊಂಡ ಸಾಬರೊಬ್ಬರಿಗೆ ಇಡೀ ಗುಡ್ಡೆ ಮಾರಿಬಿಟ್ಟಳು.

"ನಾನು ಕೆರ್ಕೊಂಡೆ ಕಣಮ್ಮಾ, ಕೊಂಡ್ಕೊಂಡಿಲ್ಲ!"

ಮಂಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಣ್ಣ ಮಾತ್ರ ಕೆಂಡವಾದ. "ಬಾಯಿದ್ರೆ ಸಾಕೇನೇ? ಕಣ್ ಬೇಡ್ವಾ?" ಎಂದ ಒಡಕು ದನಿಯಲ್ಲಿ.

"ಅದನ್ನೇ ಅಪ್ಪಾ ನಾನು ಹೇಳ್ತಿರೋದು. ಕಣ್ಣು ನಿನ್ನತ್ರ ಇದೆಯಲ್ಲ. ಅದನ್ನ ಉಳಿಸ್ಕೊಡು."

ಅಣ್ಣ ಆ ವಾರವೇ ಅಡ್ಮಿಟ್ ಆದ.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದಾಗ ಕತ್ತಿನಲ್ಲಿ ರಂಧ್ರ, ಮೂಗಿನಲ್ಲಿ ಊಟದ ಟ್ಯೂಬ್. ಬಾಯಿ ಅಲ್ಲಾಡಿಸಿದ. ಸದ್ದು ಬರಲಿಲ್ಲ. ಬರುವುದಿಲ್ಲ ಎಂದು ಮೊದಲೇ ತಿಳಿದಿದ್ದರೂ ಬಾಯಿ ಅಲ್ಲಾಡಿಸಿದ. ನೋಡಲು ಬಂದವರು ಅವನಿಗೆ ಕಿವಿಯೂ ಹೋಗಿದೆ ಎನ್ನುವಂತೆ ಕಿರುಚಿ ಮಾತಾಡಿದರು. ಅವನು ಸ್ಲೇಟಿನಲ್ಲಿ ಬರೆದು ತೋರಿಸಿದ: 'ಮೆಲ್ಲಗೆ. ಇದು ಮಾರ್ಕೆಟ್ಟಲ್ಲ.'

ಆಮೇಲೆ ರೇಡಿಯೇಷನ್. ಬಾಯಿ ಒಣಗಿತು, ಕತ್ತಿನ ಚರ್ಮ ಕಪ್ಪಾಯಿತು, ಉಪ್ಪು ಸಿಹಿ ಒಂದೇ ಆಯಿತು. ಬದುಕು ಎಷ್ಟು ಸಣ್ಣಪುಟ್ಟ ವಿಷಯಗಳಿಗೆ ಉಸಿರನ್ನು ನೆಚ್ಚಿಕೊಂಡಿದೆ ಎಂದು ನಮಗೆ ಗೊತ್ತಾದದ್ದು ಆಗಲೇ: ಬಿಸಿ ಕಾಫಿಯನ್ನು ಊದಿ ಆರಿಸುವ ಹಾಗಿಲ್ಲ, ಸ್ನಾನದಲ್ಲಿ ರಂಧ್ರಕ್ಕೆ ನೀರು ಹೋಗದಂತೆ ಮುಚ್ಚಿಕೊಳ್ಳಬೇಕು, ಉಸಿರು ಬಿಗಿಹಿಡಿದು ಮೂಟೆ ಎತ್ತಲಾಗದು. ಇವಕ್ಕೆಲ್ಲ ಅಣ್ಣ ಒಗ್ಗಿಕೊಂಡ. ಒಂದಕ್ಕೆ ಮಾತ್ರ ಹೆದರಿದ.

ಅತ್ತಿಗೆ ಒಂದು ಬೆಳಿಗ್ಗೆ ಕೊತ್ತಂಬರಿ ಕಟ್ಟು ತಂದು ಅವನ ಮೂಗಿಗೆ ಹಿಡಿದರು. ಏನೂ ಇಲ್ಲ. ಉಸಿರು ಮೂಗಿನಿಂದ ಹೋಗದಿದ್ದರೆ ವಾಸನೆಯೂ ಇಲ್ಲ. ಸ್ಪೀಚ್ ಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟರು: ತುಟಿ ಮುಚ್ಚಿಕೊಂಡು ಒಳಗೇ ಆಕಳಿಸಬೇಕು. ಆಗ ಮೂಗಿಗೆ ಸ್ವಲ್ಪ ಗಾಳಿ ಸೇರುತ್ತದೆ. ಅಣ್ಣ ಸೊಪ್ಪು ಹಿಡಿದುಕೊಂಡು ದಿನವೂ ಆಕಳಿಸಿದ. ಒಂದು ದಿನ ಅವನ ಕಣ್ಣು ಅಗಲವಾಯಿತು. ಸ್ಲೇಟಿನಲ್ಲಿ ಬರೆದ: 'ನಿನ್ನೆಯ ಮಾಲು.'

ಅತ್ತಿಗೆ ನಕ್ಕರು. ಅದು ನಿನ್ನೆಯದೇ ಆಗಿತ್ತು.

ವಾಲ್ವ್ ಮೂಲಕ ಮಾತು ಬರಲು ಇನ್ನಷ್ಟು ದಿನ ಹಿಡಿಯಿತು. ದಪ್ಪ, ಒರಟು ದನಿ. ಹತ್ತಿರ ನಿಂತರೆ ಸ್ಪಷ್ಟವಾಗಿ ಕೇಳುತ್ತದೆ, ದೂರಕ್ಕೆ ಹೋಗುವುದಿಲ್ಲ. ಕಳೆದ ತಿಂಗಳ ಸ್ಕ್ಯಾನಿನಲ್ಲಿ ಏನೂ ಕಂಡಿಲ್ಲ. "ಸದ್ಯಕ್ಕೆ ಚೆನ್ನಾಗಿದೆ. ತಪ್ಪದೆ ಬರ್ತಿರಿ," ಎಂದಿದ್ದಾರೆ ಸರ್ಜನ್. ಆ 'ಸದ್ಯಕ್ಕೆ'ಯನ್ನು ನಾವು ಮರೆತಿಲ್ಲ. ಅದರ ಜೊತೆ ಬಾಳುವುದು ಅಭ್ಯಾಸವಾಗಿದೆ.

ಈ ವಾರ ಅಣ್ಣ ಮಂಡಿಗೆ ಮರಳಿದ. ಕತ್ತಿಗೆ ತೆಳುವಾದ ಹತ್ತಿಬಟ್ಟೆ. ಬ್ಯಾಂಕಿಗೆ ಹೋಗುವ ಮೊದಲು ಚೈತ್ರಾ ಕೂಗಿದಳು, ಅಣ್ಣ ಪಕ್ಕದಲ್ಲಿ ನಿಂತು ನೋಡಿದ. ಯಾರದೋ ಹುಬ್ಬು ಹಾರಿದರೆ ಅವಳ ಭುಜ ತಟ್ಟುತ್ತಿದ್ದ, ಅವಳು ಬೆಲೆ ಏರಿಸುತ್ತಿದ್ದಳು. ರತ್ನಮ್ಮ ಸೆರಗು ಎಳೆದುಕೊಂಡರು. ಭುಜ ತಟ್ಟಿದ. ಆಮೇಲೆ ಯಾರೂ ಅಲ್ಲಾಡಲಿಲ್ಲ.

"ಒಂದು," ಎಂದಳು ಚೈತ್ರಾ. "ಎರಡು."

ಅಲ್ಲಿಗೆ ನಿಲ್ಲಿಸಿದಳು. ಸುತ್ತ ನಿಂತವರು ಮಾತು ನಿಲ್ಲಿಸಿ, ಕೇಳಿಸಲೆಂದು ಒಂದು ಹೆಜ್ಜೆ ಮುಂದೆ ಬಂದರು. ಅಣ್ಣ ಬಟ್ಟೆ ಸರಿಸಿ, ಹೆಬ್ಬೆರಳಿನಿಂದ ರಂಧ್ರ ಮುಚ್ಚಿದ.

"ಮೂರು."

ರತ್ನಮ್ಮ ಸೊಪ್ಪು ಎತ್ತಿಕೊಂಡರು.