ಎರಡನೇ ಸಲದ ಸಾರು

ಮುದ್ದೆ ಉಣ್ಣುವವನಿಗೆ ಸಾರು ಎರಡನೇ ಸಲ ಬರಲೇಬೇಕು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವನಲ್ಲ. ಮೊದಲ ಸಲ ಎಲ್ಲ ಹೋಟೆಲಿನವರೂ ಚೆನ್ನಾಗಿಯೇ ಬಡಿಸುತ್ತಾರೆ. ಅವರ ಯೋಗ್ಯತೆ ಗೊತ್ತಾಗುವುದು ಎರಡನೇ ಸಲ ಕೇಳಿದಾಗ.

ಕಳೆದ ವರ್ಷ ಮಳವಳ್ಳಿಯಲ್ಲಿ ಹೊಸದಾಗಿ ತೆರೆದಿದ್ದ ಎ.ಸಿ. ಹೋಟೆಲಿಗೆ ಹೋಗಿದ್ದೆ. ನಾಟಿಕೋಳಿ ಸಾರು ರುಚಿಯಾಗಿತ್ತು, ಸುಳ್ಳು ಹೇಳಬಾರದು. ಆದರೆ ಅರ್ಧ ಮುದ್ದೆಗೇ ಬಟ್ಟಲು ಬರಿದಾಯಿತು. ಟೈ ಕಟ್ಟಿದ್ದ ಸಪ್ಲೈಯರ್‌ನನ್ನು ಕರೆದು ಸಾರು ಕೇಳಿದೆ.

"ಇನ್ನೊಂದು ಪ್ಲೇಟ್ ಆರ್ಡರ್ ಮಾಡಬೇಕು ಸರ್," ಅಂದ.

ರೇಗಿಹೋಯಿತು. ಬಿಲ್ಲು ಕೊಟ್ಟವನೇ ಉಳಿದ ಮುದ್ದೆಯನ್ನು ತಟ್ಟೆ ಸಮೇತ ಎತ್ತಿಕೊಂಡು ರಸ್ತೆ ದಾಟಿ, ನಾನು ಯಾವಾಗಲೂ ಉಣ್ಣುವ ಎದುರಿನ ಮಿಲ್ಟ್ರಿ ಹೋಟೆಲಿನಲ್ಲಿ ಕೂತೆ. ಅಲ್ಲಿನ ಯಜಮಾನಮ್ಮ ಏನೂ ಕೇಳದೆ ಸಾರು ಹುಯ್ದಳು. ಅಷ್ಟರಲ್ಲಿ ಸಪ್ಲೈಯರ್ ಓಡಿಬಂದ.

"ಸರ್, ಆ ತಟ್ಟೆ ನಮ್ಮದು."

"ಉಣ್ಣೋ ತಟ್ಟೆ ಕಿತ್ಕೋತೀಯೇನ್ಲಾ? ಉಂಡಾದ್ಮೇಲೆ ತಕ್ಕೊಂಡೋಗು," ಅಂತ ಯಜಮಾನಮ್ಮ ಗದರಿದಳು. "ನೀನ್ ಉಂಡ್ಯಾ?"

ಅವನು ತನ್ನ ಹೋಟೆಲಿನ ಕಡೆ ಒಮ್ಮೆ ತಿರುಗಿ ನೋಡಿ, ಟೈಯನ್ನು ಅಂಗಿಯೊಳಕ್ಕೆ ತುರುಕಿ ನನ್ನ ಪಕ್ಕ ಕೂತ. ಯಜಮಾನಮ್ಮ ಅವನಿಗೂ ಮುದ್ದೆ ಇಟ್ಟು ಸಾರು ಹುಯ್ದಳು. ಅವನ ಮುದ್ದೆ ಅರ್ಧವೂ ಮುಗಿದಿರಲಿಲ್ಲ, ಕೂಗಿದ:

"ಅಕ್ಕೋ, ಇನ್ನೊಸಿ ಸಾರು ಬುಡು!"