ಎಡಕ್ಕೆ ಬಂದ ಹೊಂಗೆ ಮರ

ಅಟ್ಟೂರು ಕೆರೆ ಏರಿಯ ಕೆಳಗೊಂದು ಹೊಂಗೆ ಮರವಿತ್ತು. ನನ್ನ ಚೊಚ್ಚಲು ಹೆಣ್ಣುಮಗು ಹುಟ್ಟಿದ ವಾರಕ್ಕೇ ಹೋಯಿತು. ಅದನ್ನು ಆ ಮರದ ಬುಡದಲ್ಲಿ ಮಣ್ಣು ಮಾಡಿದರು. ಎಳೆಗೂಸಿಗೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲಿಲ್ಲ, ಮರವೇ ಗುರುತು. ಬಡಾವಣೆಯ ರಸ್ತೆಗೆ ಮರ ಕಡಿದ ಮೇಲೆ ಅದೂ ಇಲ್ಲ. ಈಗ ಅಲ್ಲಿ ಸ್ಕೂಲ್ ಬಸ್ಸು ನಿಲ್ಲುತ್ತದೆ.

ಚಿತ್ರಕಲೆ ಓದುವ ಮೊಮ್ಮಗಳು ಹಳೆ ಕೆರೆ ಹೇಗಿತ್ತೆಂದು ಕೇಳಿದಾಗ ಎಲ್ಲ ಹೇಳಿದೆ. ಏರಿ, ತೂಬು, ಬಲಕ್ಕೆ ಹೊಂಗೆ ಮರ. ಮಗುವಿನ ವಿಷಯ ಹೇಳಲಿಲ್ಲ. ಹೇಳಿದರೆ ಅತ್ತುಬಿಡುತ್ತಾಳೆ, ಸಮಾಧಾನ ಮಾಡುವ ಕೆಲಸ ನನ್ನದಾಗುತ್ತದೆ. ಆ ಜಾಗ ಇನ್ನೊಂದು ಸಲ ಕಣ್ಣಿಗೆ ಬಿದ್ದರೆ ನನಗೆ ಸಾಕಿತ್ತು.

ಅವಳು ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಅದ್ದಿದಳಂತೆ. ಗೀರಿದ ಕಡೆ ಮಾತ್ರ ಆಸಿಡ್ ತಿನ್ನುತ್ತದಂತೆ. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಒತ್ತಿ ತಂದಳು.

ನಮ್ಮ ಮನೆಯಲ್ಲಿ ಗೀರು ಬಿತ್ತೆಂದರೆ ಪಾತ್ರೆ ಹಾಳಾಯಿತೆಂದೇ ಲೆಕ್ಕ. ಅದಕ್ಕೆ ಸೊಸೆಯನ್ನು ಬೈದಿದ್ದೇನೆ. ಇಲ್ಲಿ ಗೀರೇ ಎಲ್ಲ. ನೀರಿಗೆ ಅಡ್ಡಗೀರು, ದೂರ ದೂರ. ಏರಿಗೆ ಕುಂಟೆ ಹೊಡೆದ ಹೊಲದ ಹಾಗೆ ಒತ್ತೊತ್ತಾಗಿ. ಆಕಾಶಕ್ಕೆ ಏನೂ ಇಲ್ಲ, ಬರೀ ಕಾಗದ. ಮರದ ಬುಡದಲ್ಲಿ ಮಾತ್ರ ಗೀರಿನ ಮೇಲೆ ಗೀರು ಬಿದ್ದು ಕರ್ರಗೆ ಗಡ್ಡೆ ಕಟ್ಟಿತ್ತು. ಬೆರಳಾಡಿಸಿದೆ. ಆಗಷ್ಟೇ ಅಗೆದು ಮುಚ್ಚಿದ ಮಣ್ಣಿನಂತೆ ತರಿತರಿ.

ಆದರೆ ಮರ ಎಡಕ್ಕಿತ್ತು.

“ಏನೇ ಇದು, ಮರಾನ ಆ ಕಡೀಕ್ ಕಿತ್ತಾಕಿದ್ದೀಯ?”

ಅವಳು ಹಣೆ ಚಚ್ಚಿಕೊಂಡಳು. ತಗಡಿನಿಂದ ಕಾಗದಕ್ಕೆ ಬರುವಾಗ ಎಡಬಲ ಅದಲುಬದಲಾಗುತ್ತದೆ, ತಿರುಗಿಸಿ ಗೀರಬೇಕಿತ್ತು, ಮರೆತೆ ಎಂದಳು. ಗೋಡೆಯ ಕನ್ನಡಿ ಬಿಚ್ಚಿ ತಂದು ಚಿತ್ರದೆದುರು ಹಿಡಿದಳು. ಕನ್ನಡಿಯೊಳಗೆ ಮರ ತನ್ನ ಜಾಗಕ್ಕೆ ಬಂತು. ಅದೇ ಏರಿ, ಅದೇ ಬುಡ. ಬುಡದ ಮೇಲೆ ಬೆರಳಿಟ್ಟೆ. ಗಾಜು. ನುಣ್ಣಗೆ, ತಣ್ಣಗೆ.

“ಬೇರೆ ತಗಡಲ್ಲಿ ಸರಿ ಮಾಡ್ಕೊಡ್ತೀನಿ ಅಜ್ಜಿ. ಬುಡದಲ್ಲಿ ಆಸಿಡ್ ಜಾಸ್ತಿ ತಿಂದು ಕಪ್ಪಾಗೋಗಿದೆ, ಅದನ್ನೂ ತೆಗೀತೀನಿ.”

“ಬ್ಯಾಡ. ಇದೇ ಇರ್ಲಿ.”

“ತಪ್ಪಾಗಿದೆಯಲ್ಲಜ್ಜಿ.”

“ಆಗೈತೆ. ಇರ್ಲಿ ಬಿಡೇ.”

ಚಿತ್ರ ಈಗ ನನ್ನ ಮಂಚದ ಪಕ್ಕದ ಗೋಡೆಯಲ್ಲಿದೆ. ಫ್ರೇಮಿಗೆ ಗಾಜು ಹಾಕಿಸುತ್ತೇನೆಂದಳು, ಬೇಡವೆಂದೆ. ಮುಟ್ಟಿ ಮುಟ್ಟಿ ಬುಡದ ಮಸಿ ಮಾಸುತ್ತಿದೆ.